ಹುಳು ಹಣ್ಣಾದ ದಿನ ದಂಡು ಇಳಿಯಿತು

ಸಾತನೂರಿನಾಚೆಯ ಒಂದು ಹಳ್ಳಿಯ ರೇಷ್ಮೆ ಬೆಳೆಯನ್ನು ಹಾಳುಗೆಡವಿದವರು ನಮ್ಮ ಬಿದಿರು ಸಂಗ್ರಹಣ ಸಮಿತಿಯ ಅಧ್ಯಕ್ಷರು. ಅವರಿಗೆ ತಲೆಯಾಡಿಸಿದವರು ಸಮಿತಿಯ ಸದಸ್ಯರು. ಕಣ್ಣೆದುರಿಗೆ ನಡೆದದ್ದನ್ನು ನೋಡಿಯೂ ಎಲ್ಲ ಸರಿಯಾಗಿದೆ ಎಂದು ಮೇಲಕ್ಕೆ ತಿಳಿಸಿದವರು ದಂಡಿನ ಹಿರಿಯ ಅಧಿಕಾರಿ. ಈ ಮೂರು ವಾಕ್ಯಗಳನ್ನು ನಾನು ಯೋಚಿಸಿಯೇ ಬರೆದಿದ್ದೇನೆ, ಇವುಗಳಿಗೆ ಯಾರ ಮುಂದೆ ಬೇಕಾದರೂ ನಿಂತು ಉತ್ತರ ಕೊಡುತ್ತೇನೆ. ಯುದ್ಧ ಮುಗಿದು ಪೇಟೆಯಲ್ಲಿ ವಿಜಯದ ಚಪ್ಪರ ಎದ್ದಾಗ ಇದೇ ಅಧ್ಯಕ್ಷರ ಕೊರಳಿಗೆ ರೇಷ್ಮೆಯ ಹಾರ ಬಿತ್ತು. ಜನ ಚಪ್ಪಾಳೆ ತಟ್ಟಿದರು. ನನಗೆ ಹೇಸಿಗೆಯಾಯಿತು. ಆ ಹೇಸಿಗೆ ಇಂದಿಗೂ ಇಳಿದಿಲ್ಲ.

ಆಗ ನಾನು ದಂಡಿನ ಒಂದು ತುಕಡಿಗೆ ದುಭಾಷಿಯಾಗಿದ್ದೆ. ದೋಣಿ ಜೋಡಿಸುವುದು, ಸೇತುವೆ ಕಟ್ಟುವುದು, ಕೆಸರಿನ ಮೇಲೆ ದಾರಿ ಮಾಡುವುದು ಆ ತುಕಡಿಯ ಕೆಲಸ. ಇಂಗ್ಲಿಷ್ ಕ್ಯಾಪ್ಟನ್ ಒಬ್ಬರು, ಚನ್ನಪಟ್ಟಣದ ಕಡೆಯ ಹವಾಲ್ದಾರ ಒಬ್ಬರು, ಉಳಿದಂತೆ ತೆಲುಗು, ತಮಿಳು ಮಾತಾಡುವ ಸಿಪಾಯಿಗಳು. ಕ್ಲೋಸ್‌ಪೇಟೆಯ ರೈಲು ನಿಲ್ದಾಣದಲ್ಲಿ ಸಾಮಾನು ಇಳಿಸಿಕೊಂಡು ಅವರು ಕನಕಪುರ ದಾಟಿ ಬಂದು, ಸಾತನೂರಿನಾಚೆಯ ಒಂದು ದೊಡ್ಡ ಕೆರೆಯ ಏರಿಯ ಕೆಳಗೆ ಡೇರೆ ಹೂಡಿದ್ದರು. ಕೆರೆಯ ನಡುವೆ ನಾಲ್ಕಾರು ಜಾಲಿಮರಗಳ ಒಂದು ನಡುಗಡ್ಡೆ ಇತ್ತು. ಅದನ್ನೇ ಪೆಸಿಫಿಕ್ ಸಾಗರದ ಒಂದು ದ್ವೀಪವೆಂದು ಭಾವಿಸಿಕೊಂಡು ದೋಣಿಯಲ್ಲಿ ಹೋಗಿ ಹಿಡಿಯಬೇಕು. ನಿಜವಾದ ದ್ವೀಪದ ಹೆಸರನ್ನು ನಮಗೆ ಯಾರೂ ಹೇಳಲಿಲ್ಲ. ಅದರ ದಡವೆಲ್ಲ ಹೂಳು, ಕೆಸರು ಎಂಬುದಷ್ಟೇ ಕ್ಯಾಪ್ಟನ್ನರಿಗೂ ತಿಳಿದಿತ್ತು. ಅದಕ್ಕಾಗಿಯೇ ನೀರು ಇಳಿದು ಸುತ್ತ ಹೂಳು ತೆರೆದುಕೊಂಡಿದ್ದ ಈ ಕೆರೆಯನ್ನು ಆರಿಸಿಕೊಂಡಿದ್ದರು.

ಅಭ್ಯಾಸದ ಕ್ರಮ ಹೀಗಿತ್ತು. ಕ್ಯಾನ್ವಾಸಿನ ಮಡಿಸುವ ದೋಣಿಗಳನ್ನು ಎರಡೆರಡಾಗಿ ಪಕ್ಕದಲ್ಲಿ ಕಟ್ಟಿ, ಮೇಲೆ ಹಲಗೆ ಹಾಸಿ, ಹಿಂಬದಿಗೆ ಮೋಟಾರು ಸಿಕ್ಕಿಸಿದರೆ ಅದೊಂದು ತೆಪ್ಪ. ಮೊದಲ ತೆಪ್ಪದಲ್ಲಿ ಬಂದೂಕಿನವರು ಹೋಗಿ ನೀರಿಗೆ ಧುಮುಕಿ, ದಡ ಹತ್ತಿ, ಎರಡು ಸಾಲು ಬಿಳಿಯ ಪಟ್ಟಿಯನ್ನು ನೆಲಕ್ಕೆ ಬಿಗಿಯುತ್ತಾರೆ. ಎರಡನೆಯ ತೆಪ್ಪದವರು ಆ ಪಟ್ಟಿಗಳ ನಡುವೆ ಕೆಸರಿನ ಮೇಲೆ ಬಿದಿರಿನ ತಟ್ಟಿ ಹಾಸುತ್ತಾರೆ. ಮೂರನೆಯದರಲ್ಲಿ ಬರುವ ಜೀಪು, ನಿಸ್ತಂತು ಯಂತ್ರವನ್ನು ಹೊತ್ತುಕೊಂಡು ಹಲಗೆಯಿಂದಿಳಿದು ತಟ್ಟಿಯ ಮೇಲೆ ಓಡಿ ಗಟ್ಟಿ ನೆಲ ಮುಟ್ಟಬೇಕು. ಜೀಪು ಮುಟ್ಟದಿದ್ದರೆ ಹಿಂದಿರುವ ಹಡಗಿಗೆ ಸುದ್ದಿಯಿಲ್ಲ. ಸುದ್ದಿಯಿಲ್ಲದಿದ್ದರೆ ದಡದಲ್ಲಿರುವವರಿಗೆ ಗುಂಡೂ ಇಲ್ಲ, ಅನ್ನವೂ ಇಲ್ಲ. ಇದನ್ನು ಕ್ಯಾಪ್ಟನ್ ನನಗೆ ಮನಮುಟ್ಟುವಂತೆ ವಿವರಿಸಿದ್ದರು. ನನ್ನ ಪಾಲಿನ ಕೆಲಸ ಚಿಕ್ಕದು: ಕೆರೆಯಂಗಳಕ್ಕೆ ದನ ಬಿಡಬೇಡಿ ಎಂದು ಹಳ್ಳಿಯವರಿಗೆ ಹೇಳುವುದು, ಹಗ್ಗ ಎಳೆಯಲು ಆಳು ಕರೆತರುವುದು, ಯಾರು ಏನೆಂದರೂ ಅದನ್ನು ಇನ್ನೊಂದು ಭಾಷೆಗೆ ದಾಟಿಸುವುದು.

ಮೊದಲ ದಿನ ತಟ್ಟಿ ಇರಲಿಲ್ಲ. ಹಲಗೆಯಿಂದ ಇಳಿದ ಜೀಪು ಅಚ್ಚಿನವರೆಗೂ ಹೂಳಿನಲ್ಲಿ ಕುಳಿತುಬಿಟ್ಟಿತು. ಸಿಪಾಯಿಗಳು ಎಷ್ಟು ನೂಕಿದರೂ ಅಲುಗಲಿಲ್ಲ. ಕೊನೆಗೆ ಜೀಪಿಗೆ ಉದ್ದನೆಯ ಹಗ್ಗ ಬಿಗಿದು, ಈಚೆಯ ದಡದಿಂದ ಒಬ್ಬ ರೈತನ ಎತ್ತುಗಳು ಅದನ್ನು ನೀರಿನಲ್ಲೇ ಎಳೆದು ತಂದವು. ಏರಿಯ ಮೇಲೆ ಕುಳಿತು ನೋಡುತ್ತಿದ್ದವರಿಗೆ ಅದು ಹಬ್ಬ.

“ಏನ್ಲಾ ಹವಾಲ್ದಾರ, ಜಪಾನ್‌ನೋರ ಮೇಲೆ ವೋಗುವಾಗ್ಲೂ ನಮ್ ಎತ್ತೇ ಬೇಕಾ?” ಎಂದು ಎತ್ತಿನ ಯಜಮಾನ ಕೇಳಿದ.

“ಎತ್ತೇನೋ ಬತ್ತದೆ ಕಣ್ಲಾ, ನೀನ್ ಬತ್ತೀಯಾ ಯೋಳು,” ಎಂದರು ಹವಾಲ್ದಾರರು, ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ.

“ನಾನ್ ಬಂದ್ರೆ ನಮ್ಮನೆ ರೇಷ್ಮೆ ಹುಳಕ್ಕೆ ಸೊಪ್ಪು ನೀನ್ ಹಾಕ್ತೀಯಾ?”

ಎಲ್ಲರೂ ನಕ್ಕರು. ಆದರೆ ಆ ಮಾತು ತಮಾಷೆಯಷ್ಟೇ ಆಗಿರಲಿಲ್ಲ. ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿದ್ದ ಕಾಲ ಅದು. ಮಾಗಡಿಯಿಂದ ಕನಕಪುರದ ತನಕ ರಾಗಿಯ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಮನೆಯ ನಡುಮನೆಯನ್ನು ಹುಳುವಿಗೆ ಬಿಟ್ಟುಕೊಟ್ಟು ಜನ ಜಗಲಿಯಲ್ಲಿ ಮಲಗುತ್ತಿದ್ದರು. ನಾನು ಮಾಗಡಿ ಕಡೆಯವನು, ಸೊಪ್ಪಿನ ವಾಸನೆಯಲ್ಲೇ ಓದಿ ಮೈಸೂರಿಗೆ ಹೋದವನು.

ಜೀಪು ಹೂತದ್ದನ್ನು ನೋಡಿ ಕ್ಯಾಪ್ಟನ್ ಸಮಿತಿಯ ಅಧ್ಯಕ್ಷರನ್ನು ಕರೆಸಿದರು. ಸಮಿತಿಯೆಂದರೆ ತಾಲ್ಲೂಕಿನ ಕೆಲವು ದೊಡ್ಡ ಮನುಷ್ಯರು ಸೇರಿ ಯುದ್ಧಕ್ಕೆ ಬೇಕಾದ ಬಿದಿರನ್ನು ಒದಗಿಸುತ್ತೇವೆಂದು ಮುಂದೆ ಬಂದದ್ದು. ಕ್ಯಾಪ್ಟನ್ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು: ಹೆಬ್ಬೆರಳು ದಪ್ಪದ ಸೀಳು, ಅಡ್ಡಕ್ಕೂ ಉದ್ದಕ್ಕೂ ಒತ್ತಾದ ಹೆಣಿಗೆ, ಒಂದರ ಮೇಲೊಂದು ಎರಡು ಪದರ. ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ಉಯ್ಯಂಬಳ್ಳಿ ಕಡೆಯ ಕಾಡಿನಿಂದ ಬಿದಿರು ತರಿಸಿ, ಕನಕಪುರದ ಮೇದರಿಂದ ಹೆಣೆಸಿದರೆ ಒಂದು ವಾರವಾದರೂ ಬೇಕಾಗುತ್ತದೆ ಎಂದೂ ಸೇರಿಸಿದೆ.

“ವಾರ ಯಾಕಯ್ಯಾ?” ಎಂದರು ಅಧ್ಯಕ್ಷರು. “ಕರ್ನಲ್ ಸಾಹೇಬ್ರು ನಾಡಿದ್ದು ನೋಡಕ್ ಬತ್ತಾವ್ರೆ. ಅಷ್ಟೊತ್ತಿಗೆ ಹಾಸಿರ್ಬೇಕು ಅಷ್ಟೆ. ನಾನ್ ತರುಸ್ತೀನಿ ಅಂತ ಯೋಳು.”

ಹೇಳಿದೆ. ಕ್ಯಾಪ್ಟನ್ ಅವರ ಕೈ ಕುಲುಕಿದರು.

ಕರ್ನಲ್ ಬರುವ ದಿನ ಬೆಳಿಗ್ಗೆ, ಇದ್ದಿಲಿನ ಗ್ಯಾಸಿನಿಂದ ಓಡುವ ಸಮಿತಿಯ ಲಾರಿ ಏದುಸಿರು ಬಿಡುತ್ತ ಏರಿಯ ಪಕ್ಕಕ್ಕೆ ಬಂದು ನಿಂತಿತು. ಹಿಂದಿನ ಹಲಗೆ ಇಳಿಸಿದಾಗ ನಾನು ಕಂಡದ್ದು ತಟ್ಟಿಗಳನ್ನಲ್ಲ. ಲಾರಿಯ ತುಂಬ ಚಂದ್ರಿಕೆಗಳು.

ಚಂದ್ರಿಕೆ ನೋಡದವರಿಗಾಗಿ ಹೇಳುತ್ತೇನೆ. ಅದೊಂದು ಆಳೆತ್ತರದ ತೆಳು ಬಿದಿರುಚಾಪೆ. ಅದರ ಮೇಲೆ ಬೆರಳಗಲದ ಬಿದಿರುಪಟ್ಟಿಯನ್ನು ಸುರುಳಿ ಸುರುಳಿಯಾಗಿ ಸುತ್ತಿ ನಿಲ್ಲಿಸಿರುತ್ತಾರೆ. ರೇಷ್ಮೆಹುಳು ನಾಲ್ಕು ಜ್ವರ ಕಳೆದು, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹೊಟ್ಟೆ ತುಂಬ ಮೇದು, ಒಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಒಳಗು ಕಾಣುವಂತಾಗಿ, ತಲೆಯೆತ್ತಿ ಆಚೀಚೆ ತೂಗಾಡುತ್ತದೆ. ಆಗ ಹುಳು ಹಣ್ಣಾಯಿತು ಎನ್ನುತ್ತಾರೆ. ಹಣ್ಣಾದ ಹುಳುವನ್ನು ಆರಿಸಿ ಸುರುಳಿಯ ಸಂದಿಗೆ ಬಿಟ್ಟರೆ ಅದು ಅಲ್ಲಿ ಗೂಡು ಕಟ್ಟುತ್ತದೆ. ಅದಕ್ಕೆ ಕಾಯುವುದು ಗೊತ್ತಿಲ್ಲ. ಜಾಗ ಸಿಗದಿದ್ದರೆ ಕಸದಲ್ಲಿ, ಗೋಡೆಯ ಮೂಲೆಯಲ್ಲಿ, ಇನ್ನೊಂದು ಹುಳುವಿನ ಮೈಮೇಲೆ ನೂಲನ್ನೆಲ್ಲ ಕಕ್ಕಿ ಮುಗಿಸುತ್ತದೆ. ಚಂದ್ರಿಕೆಯನ್ನು ಪ್ರತಿ ಮನೆಯವರೂ ಬೇಕಾದಷ್ಟು ಇಟ್ಟುಕೊಳ್ಳುವುದಿಲ್ಲ. ಒಂದು ಕೇರಿಯವರು ಹುಳು ಕಟ್ಟುವ ದಿನವನ್ನು ಹಿಂದುಮುಂದು ಮಾಡಿಕೊಂಡು, ಒಂದೇ ಚಂದ್ರಿಕೆಗಳನ್ನು ಮನೆಯಿಂದ ಮನೆಗೆ ಸುತ್ತಿಸುತ್ತಾರೆ. ಹೆಚ್ಚಿನ ದಿನ ಅವು ಖಾಲಿಯಾಗಿ ಗೋಡೆಗೆ ಒರಗಿರುತ್ತವೆ. ಬೇಕಾದ ದಿನ ಮಾತ್ರ ಅವು ಇರಲೇಬೇಕು.

“ಅಧ್ಯಕ್ಷರೇ, ಇವು ಚಂದ್ರಿಕೆಗಳು,” ಎಂದೆ.

“ನಂಗೊತ್ತಿಲ್ವಾ? ನಮ್ಮನೇಲೂ ಅವೆ.”

“ಯಾರ ಮನೆಯವು?”

“ಕೆರೆ ಹಿಂದ್ಲ ಹಳ್ಳೀವು. ಖಾಲಿ ಬಿದ್ದಿದ್ವು ಕಣಯ್ಯಾ, ಗ್ವಾಡೆಗೆ ಒರಗ್ಸಿದ್ರು. ಒಂದೇ ಅಳ್ತೆ, ಒಂದೇ ಅಗ್ಲ, ಹೆಣಿಯೋ ಕೆಲ್ಸಾನೂ ಇಲ್ಲ. ದಂಡಿಗೆ ಬೇಕು ಅಂದೆ, ಕೊಟ್ರು.”

ತಮ್ಮ ಮನೆಯಲ್ಲೂ ಇವೆ ಎಂದರಲ್ಲ, ಅವುಗಳಲ್ಲಿ ಒಂದಾದರೂ ಆ ಲಾರಿಯಲ್ಲಿತ್ತೇ ಎಂದು ನಾನು ಕೇಳಿದೆ. ಅವರು ಮೀಸೆ ನೀವಿಕೊಂಡು ಆಚೆ ನೋಡಿದರು. ಈ ಪ್ರಶ್ನೆಗೆ ಇಂದಿಗೂ ನನಗೆ ಉತ್ತರ ಸಿಕ್ಕಿಲ್ಲ.

ಸಿಪಾಯಿಗಳು ಚಂದ್ರಿಕೆಗಳನ್ನು ತೆಪ್ಪಕ್ಕೆ ತುಂಬುತ್ತಿದ್ದಾಗ ಕಾಲುವೆಯ ಬದಿಯಿಂದ ಒಂದಿಷ್ಟು ಹೆಂಗಸರೂ ಒಬ್ಬ ಗಂಡಸೂ ಬಿರಬಿರನೆ ಬಂದರು. ಮುಂದೆ ಬರುತ್ತಿದ್ದವಳು ನಡುವಯಸ್ಸಿನವಳು, ಕುರಿಯನ್ನೂ ಹುಳುವನ್ನೂ ಸಾಕುವ ಮನೆಯ ಯಜಮಾನಿತಿ. ಹಿಂದೆ ಇದ್ದ ಗಂಡಸು ಅವಳ ಮೈದುನ. ಅವಳ ಅಂಗೈಯಲ್ಲಿ ಒಂದು ಹಿಪ್ಪುನೇರಳೆ ಎಲೆ, ಎಲೆಯ ಮೇಲೆ ಒಂದು ಹುಳು ಇತ್ತು. ನಮ್ಮ ಕಡೆ ಹೆಂಗಸರು ದೂರು ಹೇಳಲು ಬರಿಗೈಯಲ್ಲಿ ಬರುವುದಿಲ್ಲ, ಯಾವುದರ ಬಗ್ಗೆ ದೂರೋ ಅದನ್ನೇ ಹಿಡಿದು ತರುತ್ತಾರೆ.

ಅವಳು ಯಾರನ್ನೂ ಕೇಳದೆ ನೇರವಾಗಿ ಕ್ಯಾಪ್ಟನ್ನರ ಎದುರು ಕೈ ಚಾಚಿದಳು. ನನ್ನತ್ತ ತಿರುಗಿ ಮಾತಾಡಿದಳು.

“ಸ್ವಾಮಿ, ಇವ್ರಿಗೆ ಒಸಿ ಯೋಳಿ. ನಾವು ಹೊಲ್ದಲ್ ಇದ್ದಾಗ ಬಂದು ಹೊತ್ಕೊಂಡ್ ಬಂದವ್ರೆ. ಮನೇಲಿದ್ದ ಮುದುಕಿ ಏನ್ ತಡೆದಾಳು? ಇವತ್ತು ಹೊತ್ತಾರೆಯಿಂದ ಹುಳ ಹಣ್ಣಾಗ್ತಾ ಅದೆ. ನಮ್ದೊಂದೇ ಅಲ್ಲ, ನಮ್ದಾದ್ ಮೇಲೆ ಪಕ್ಕದ್ಮನೆ, ಅವ್ರದಾದ್ ಮೇಲೆ ಮೂಲೆಮನೆ. ಚಂದ್ರಿಕೆ ಇಲ್ದಿದ್ರೆ ಎಲ್ಲಿಗ್ ಬುಡಾನ? ನನ್ ತಲೆ ಮೇಲ್ ಬುಡಾನಾ?”

ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ನನ್ನ ತೋಳು ಹಿಡಿದರು. ದನಿ ಇಳಿಸಿ ಹೇಳಿದರು:

“ದಂಡಿಗೆ ಸಂತೋಸವಾಗಿ ಕೊಟ್ಟಿವ್ನಿ, ನೋಡ್ಕೊಂಡ್ ಹೋಗಕ್ ಬಂದೆ ಅಂತವ್ಳೆ, ಅಂತ ಯೋಳು. ಅಷ್ಟೇ ಸಾಕು. ನೀನು ಓದ್ದೋನು, ಮುಂದಕ್ ಬರೋ ಹುಡ್ಗ. ಬುದ್ಧಿವಂತನಾಗು.”

ದುಭಾಷಿಯ ಕೆಲಸದಲ್ಲಿ ಒಂದು ಸೌಕರ್ಯವಿದೆ: ಮಾತು ಅವನದಲ್ಲ, ಹೊಣೆಯೂ ಅವನದಲ್ಲ. ಎರಡು ಕಡೆಯವರಿಗೂ ಅವನು ಹೇಳಿದ್ದೇ ವೇದ. ಅಧ್ಯಕ್ಷರು ನನ್ನಿಂದ ಬಯಸಿದ್ದು ಆ ಸೌಕರ್ಯದ ಒಂದು ಚಿಕ್ಕ ಬಳಕೆಯನ್ನು ಮಾತ್ರ. ಅವಳ ಕೈಯನ್ನು ನೋಡಿದೆ. ಹುಳು ಎಲೆಯನ್ನು ಬಿಟ್ಟು ಅವಳ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಆಗಲೇ ನೂಲಿನ ಎಳೆಗಳನ್ನು ಕಟ್ಟತೊಡಗಿತ್ತು.

ನಾನು ಕ್ಯಾಪ್ಟನ್ನರಿಗೆ ಎಲ್ಲವನ್ನೂ ಹೇಳಿದೆ. ಅವಳ ಮಾತನ್ನು ಒಂದು ಪದವೂ ಬಿಡದೆ ಹೇಳಿದೆ. ಬಳಿಕ, ‘ಅಧ್ಯಕ್ಷರು ನನಗೆ ಹೀಗೆ ಹೇಳಲು ಸೂಚಿಸಿದ್ದಾರೆ’ ಎಂದು ಅವರ ಮಾತನ್ನೂ ಅಷ್ಟೇ ನಿಷ್ಠೆಯಿಂದ ಇಂಗ್ಲಿಷಿಗೆ ತಂದೆ. ಅಧ್ಯಕ್ಷರಿಗೆ ನಾಲ್ಕು ಅಕ್ಷರ ಇಂಗ್ಲಿಷ್ ಬರುತ್ತಿತ್ತು. ನನ್ನ ತೋಳಿನ ಮೇಲಿದ್ದ ಅವರ ಕೈ ಜಾರಿತು.

ಕ್ಯಾಪ್ಟನ್ ಹುಳುವನ್ನು ಬಹಳ ಹೊತ್ತು ನೋಡಿದರು. ಆ ಮನುಷ್ಯನ ಬಗ್ಗೆ ನಾನು ಸುಳ್ಳು ಬರೆಯಲಾರೆ: ಅವರ ಮುಖ ಕೆಂಪಾಯಿತು. ಆದರೆ ಆ ಹೊತ್ತಿಗೆ ಏರಿಯ ಮೇಲೆ ಕರ್ನಲ್‌ರ ಕಾರು ಬಂದು ನಿಂತಿತ್ತು, ಕುರ್ಚಿ ಹಾಕಿದ್ದರು, ದುರ್ಬೀನು ಹೊರಬಂದಿತ್ತು. “ಒಂದೇ ಒಂದು ಸಲ ಮಾಡಿ ಮುಗಿಸುತ್ತೇನೆ. ಮುಗಿದ ತಕ್ಷಣ ಎಲ್ಲವನ್ನೂ ಹಿಂದಕ್ಕೆ ಕಳಿಸುತ್ತೇನೆ. ಇದು ನನ್ನ ಮಾತು,” ಎಂದರು.

ನಾನು ಅದನ್ನು ಅವಳಿಗೆ ಹೇಳಿದೆ.

“ಮುರೀದಂಗೆ ಕೊಡ್ತಾರಾ, ಕೇಳಿ,” ಎಂದಳು.

ಕೇಳಿದೆ. ಕ್ಯಾಪ್ಟನ್ ತೆಪ್ಪದ ಕಡೆಗೆ ನಡೆದರು. ಅನುವಾದಿಸಲು ನನ್ನ ಬಳಿ ಏನೂ ಇರಲಿಲ್ಲ.

ಮೊದಲ ತೆಪ್ಪ ಹೊರಟಿತು. ಸಿಪಾಯಿಗಳು ಸೊಂಟದ ನೀರಿಗೆ ಧುಮುಕಿ, ಹೂಳಿನಲ್ಲಿ ಕಾಲು ಕಿತ್ತು ಕಿತ್ತು ಇಡುತ್ತ ನಡುಗಡ್ಡೆ ಹತ್ತಿ ಬಿಳಿಯ ಪಟ್ಟಿ ಬಿಗಿದರು. ಎರಡನೆಯ ತೆಪ್ಪದವರು ಚಂದ್ರಿಕೆಗಳನ್ನು ಸುರುಳಿಯ ಮೈ ಕೆಳಗೆ ಮಾಡಿ ಹಾಸುತ್ತ ಹೋದರು. ಏರಿಯಿಂದ ನೋಡಿದರೆ ಅದು ನಿಜಕ್ಕೂ ಒಂದು ಹೊಸ ರಸ್ತೆಯಂತೆ ಕಂಡಿರಬೇಕು. ಮೂರನೆಯ ತೆಪ್ಪ ದಡಕ್ಕೆ ತಾಗಿತು, ಜೀಪು ಹಲಗೆಯಿಂದ ಇಳಿಯಿತು. ಒಣಗಿದ ಜೋಳದ ದಂಟಿನ ಮೆದೆಯ ಮೇಲೆ ಆನೆ ನಡೆದರೆ ಆಗುವಂಥ ಸದ್ದು ಈಚೆಯ ದಡಕ್ಕೂ ಕೇಳಿಸಿತು. ಹುಳುವಿನ ಭಾರ ಹೊರಲು ಮಾಡಿದ ಪಟ್ಟಿ, ಉಗುರಿನಷ್ಟು ತೆಳುವು. ಜೀಪು ತನ್ನ ಉದ್ದದಷ್ಟೂ ಓಡಲಿಲ್ಲ. ಮೊದಲ ದಿನಕ್ಕಿಂತ ಆಳಕ್ಕೆ ಇಳಿಯಿತು. ಅದನ್ನು ಎತ್ತಲು ಓಡಿದ ಸಿಪಾಯಿಗಳ ಮೀನಖಂಡಕ್ಕೆ ಮುರಿದ ಬಿದಿರಿನ ಸೀಳುಗಳು ಚುಚ್ಚಿಕೊಂಡವು. ಕೊನೆಗೆ ಕ್ಯಾಪ್ಟನ್ನರೇ ನಿಸ್ತಂತು ಯಂತ್ರವನ್ನು ಹೆಗಲ ಮೇಲೆ ಹೊತ್ತು ಗಟ್ಟಿ ನೆಲಕ್ಕೆ ಸಾಗಿಸಿ, ಬಾವುಟ ಎತ್ತಿದರು.

ದುರ್ಬೀನಿನಲ್ಲಿ ಬಾವುಟ ಕಂಡಿತು. ಅಧ್ಯಕ್ಷರು ಕುರ್ಚಿಯ ಪಕ್ಕದಲ್ಲಿ ಬಗ್ಗಿ ನಿಂತು, “ರೋಡ್ ವೆರಿ ಗುಡ್ ಸಾರ್, ಫುಲ್ ಸಪ್ಲೈ ಸಾರ್,” ಎಂದರು. ಕೆಸರಿನಲ್ಲೇ ಬಂದ ಕ್ಯಾಪ್ಟನ್, ಈ ಚಾಪೆಗಳು ತಡೆಯುವುದಿಲ್ಲ, ಜೀಪು ಹೂತಿದೆ ಎಂದು ನನ್ನೆದುರಿಗೇ ಹೇಳಿದರು. ಕರ್ನಲ್ ಗಡಿಯಾರ ನೋಡಿಕೊಂಡರು. “ಯಂತ್ರ ದಡ ಮುಟ್ಟಿತಲ್ಲ. ಸರಬರಾಜು ಸಿದ್ಧವಿದೆ ಎನ್ನುತ್ತಿದ್ದಾರೆ. ನಾನು ಯಶಸ್ವಿ ಎಂದೇ ತಿಳಿಸುತ್ತೇನೆ,” ಎಂದರು. ಅನಂತರ ಕಾಫಿ ಬಂತು. ಕರ್ನಲ್ ಅಧ್ಯಕ್ಷರೊಂದಿಗೆ ನಿಂತು ಚಿತ್ರ ತೆಗೆಸಿಕೊಂಡರು. ಅವರ ಬೂಟಿನ ಕೆಳಗೆ, ಕೆಸರಿಲ್ಲದ ಏರಿಯ ಮೇಲೆ, ಒಂದು ಒಳ್ಳೆಯ ಚಂದ್ರಿಕೆಯನ್ನು ಕಾಲೊರಸಿನಂತೆ ಹಾಸಿದ್ದರು. 

ಮುರಿಯದೆ ಉಳಿದವನ್ನು ಲಾರಿಗೆ ತುಂಬುವಂತೆ ಹೇಳಿ ಕ್ಯಾಪ್ಟನ್ ನನ್ನನ್ನು ಮುಂದೆ ಕಳಿಸಿದರು. ನಾನು ಆ ಹೆಂಗಸರೊಡನೆ ಕಾಲುವೆಯ ಬದಿಯಲ್ಲಿ ನಡೆದು ಅವರ ಹಳ್ಳಿಗೆ ಹೋದೆ. ಹುಳುಮನೆಯ ಹೊಸ್ತಿಲ ಬಳಿ ಅವಳು ನನ್ನನ್ನು ತಡೆದಳು.

“ಒಳೀಕ್ ಬರ್ಬ್ಯಾಡಿ ಸ್ವಾಮಿ. ನಿಮ್ ಬಟ್ಟೆ ಮೋಟಾರ್ ವಾಸ್ನೆ ಹೊಡೀತದೆ, ಹುಳಕ್ಕಾಗಕ್ಕಿಲ್ಲ.”

ಹೊರಗಿನಿಂದಲೇ ನೋಡಿದೆ. ತಟ್ಟೆಗಳಲ್ಲಿ ಸೊಪ್ಪು ಹಾಗೇ ಬಾಡಿತ್ತು. ಹಳದಿ ತಿರುಗಿದ ಹುಳುಗಳು ತಟ್ಟೆಯ ಅಂಚಿಗೆ ಹತ್ತಿ ತಲೆ ತೂಗುತ್ತಿದ್ದವು. ಕೆಲವು ಕೆಳಗೆ ಬಿದ್ದು ನೆಲದಲ್ಲಿ ಹರಿದಾಡುತ್ತಿದ್ದವು. ಮುದುಕಿಯೊಬ್ಬಳು ಅವನ್ನು ಆರಿಸಿ ಮೊರಕ್ಕೆ ಹಾಕುತ್ತ, ತಾನು ತಡೆಯಲಾಗದೆ ಹೋದುದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಲಾರಿ ಬಂತು. ಚಂದ್ರಿಕೆಗಳು ಅರ್ಧಕ್ಕಿಂತ ಕಡಿಮೆ, ಎಲ್ಲಕ್ಕೂ ಕೆಸರು, ಜೊತೆಗೆ ಲಾರಿಯ ವಾಸನೆ. ಕೇರಿಯ ಹೆಂಗಸರೆಲ್ಲ ಸೇರಿ ಕಾಲುವೆಯಲ್ಲಿ ಕೆಲವನ್ನು ತೊಳೆದು ಬಿಸಿಲಿಗೆ ನಿಲ್ಲಿಸಿದರು. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು: ಹುಳು ಮೊರದಲ್ಲೇ ಗೂಡು ಹಾಕತೊಡಗಿದೆ. ತೊಳೆಯಲು, ಒಣಗಿಸಲು ಹೊತ್ತಿರಲಿಲ್ಲ.

ಪ್ರತಿ ಬೆಳೆಯ ನಂತರವೂ ಚಂದ್ರಿಕೆಗೆ ಉರಿ ತೋರಿಸುವುದು ನಮ್ಮ ಕಡೆಯ ಪದ್ಧತಿ. ಹುಲ್ಲಿನ ಚಿಕ್ಕ ಬೆಂಕಿ ಮಾಡಿ, ಅದರ ಮೇಲೆ ಚಂದ್ರಿಕೆಯನ್ನು ಬೀಸಿದಂತೆ ಒಮ್ಮೆ ಹಾಯಿಸಿದರೆ ಹಳೆಯ ನೂಲಿನ ಎಳೆ ಸುಟ್ಟು, ರೋಗದ ಅಂಶವೂ ಹೋಗುತ್ತದೆ. ಬಿದಿರಿಗೆ ಏನೂ ಆಗುವುದಿಲ್ಲ. ನಮ್ಮ ತಾಯಿ ಇದನ್ನು ಲೆಕ್ಕವಿಲ್ಲದಷ್ಟು ಸಲ ಮಾಡಿದ್ದನ್ನು ನೋಡಿದ್ದೇನೆ.

“ಕೆಸ್ರು ಕೆರೆದ್ಬುಟ್ಟು ಉರಿ ತೋರ್ಸಾನ ಅತ್ಗೆ. ಒಣಗ್ಕತ್ತದೆ, ಆ ಹಾಳ್ ವಾಸ್ನೇನೂ ಹೋಯ್ತದೆ,” ಎಂದ ಮೈದುನ.

ಎಲ್ಲರಿಗೂ ಅದೇ ಸರಿ ಎನಿಸಿತು. ನನಗೂ ಅನಿಸಿತು. ಮೊದಲ ಕೆಲವಕ್ಕೆ ಏನೂ ಆಗಲಿಲ್ಲ. ಅವಳು ಒಂದೊಂದನ್ನೇ ಎತ್ತಿ ಬೆಂಕಿಯ ಮೇಲೆ ಹಾಯಿಸಿ ಒಳಗೆ ಕೊಡುತ್ತಿದ್ದಳು. ಲಾರಿಯ ತಳದಿಂದ ತಂದ ಚಂದ್ರಿಕೆಯನ್ನು ಎತ್ತಿದಾಗ ಅದು ಭುಗ್ಗೆಂದು ಪೂರ್ತಿ ಹೊತ್ತಿಕೊಂಡಿತು. ಅವಳು ಕೈಬಿಡುವ ಹೊತ್ತಿಗೆ ಉರಿ ಅವಳ ಬಲಗೈಯನ್ನು ಸವರಿತ್ತು. ಕೆಳಗೆ ಬಿದ್ದದ್ದು ಪಕ್ಕದಲ್ಲಿ ಒರಗಿಸಿದ್ದ ರಾಶಿಗೆ ತಾಗಿತು. ನೀರು ತರುವುದರೊಳಗೆ ರಾಶಿ ಬೆಂಕಿಯ ಗೋಡೆಯಾಗಿತ್ತು. ಹುಳುಮನೆಯ ಸೂರಿಗೆ ಅದು ತಾಗದಂತೆ ಮೈದುನ ಸೌದೆಯ ಕೋಲಿನಿಂದ ರಾಶಿಯನ್ನು ಅಂಗಳದ ಆಚೆಗೆ ಎಳೆದು ಹಾಕಿದ.

ಇದಕ್ಕೆ ಕಾರಣ ನನಗೆ ತಿಳಿದದ್ದು ಮಾರನೆಯ ದಿನ, ಹವಾಲ್ದಾರರ ಬಾಯಿಂದ. ದೋಣಿಯ ಮೋಟಾರಿನ ಪೆಟ್ರೋಲು, ಎಣ್ಣೆ ಬೆರೆಸಿದ ಡಬ್ಬಗಳನ್ನೂ ಕನಕಪುರಕ್ಕೆ ಸಾಗಿಸಬೇಕಾಗಿತ್ತು. ಲಾರಿ ಎರಡು ಸಲ ಓಡುವುದೇಕೆಂದು ಅಧ್ಯಕ್ಷರು ಅವನ್ನು ಚಂದ್ರಿಕೆಗಳ ಮೇಲೆಯೇ ಏರಿಸಿದ್ದರು.

“ಡಬ್ಬ ಸೋರ್ತಾವೆ ಅಂದೆ ಸ್ವಾಮಿ,” ಎಂದರು ಹವಾಲ್ದಾರರು. “ಸೋರ್ಲಿ ಬುಡು, ಬಿದಿರು ತಾನೆ, ಅಂದ್ರು. ಕ್ಯಾಪ್ಟನ್ ಅತ್ಲಾಗೆ ಜೀಪ್ ಎತ್ತುಸ್ತಿದ್ರು. ನಂದೇನ್ ನಡೀತದೆ?”

ಅಂದಿನ ಉಳಿದ ಹೊತ್ತನ್ನು ಚುಟುಕಾಗಿ ಹೇಳುತ್ತೇನೆ. ಗಂಡಸರು ಗುಡ್ಡಕ್ಕೆ ಓಡಿಹೋಗಿ, ಬಂದರೆ ಎಂಬ ಗಿಡದ ಒಣರೆಂಬೆಗಳನ್ನು ಹೊರೆಗಟ್ಟಲೆ ತಂದರು. ಅವನ್ನು ನೆಲದ ಮೇಲೆ ಹರಡಿ ಹುಳುಗಳನ್ನು ಬಿಟ್ಟರು. ಅವಳ ಕೈಗೆ ಲೋಳೆಸರ ಹಚ್ಚಿ ಬಟ್ಟೆ ಸುತ್ತಿದ್ದರು. ಅವಳು ಎಡಗೈಯಿಂದ ಹುಳು ಆರಿಸುತ್ತಿದ್ದಳು. ಹಣ್ಣಾದ ಹುಳುವನ್ನು ಒತ್ತದೆ ಎತ್ತುವ ಹದ ಬಲಗೈಗೆ ಇರುತ್ತದೆ, ಎಡಗೈಗೆ ಇರುವುದಿಲ್ಲ. ಎತ್ತುವಾಗ ಕೆಲವು ಒಡೆದವು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಒಮ್ಮೆ ಮಾತ್ರ ಬಾಗಿಲಿಗೆ ಬಂದು, “ನೀವ್ ಸರಿಯಾಗೇ ಯೋಳುದ್ರಿ ಸ್ವಾಮಿ, ಆ ದೊರೆ ಮೊಕ ನೋಡುದ್ರೇ ಗೊತ್ತಾಯ್ತು. ಯೋಳಿ ಏನಾಯ್ತು?” ಎಂದು ಕೇಳಿ ಒಳಗೆ ಹೋದಳು.

ರೆಂಬೆಯಲ್ಲಿ ಕಟ್ಟಿದ ಗೂಡು ಹೇಗಿರುತ್ತದೆಂದು ಬಲ್ಲವರು ಬಲ್ಲರು. ಎರಡು ಹುಳು ಸೇರಿ ಕಟ್ಟಿದ ಜಂಟಿ ಗೂಡುಗಳು, ಕಡ್ಡಿ ಸಿಕ್ಕಿದ ಗೂಡುಗಳು, ಕೊಳೆ ಹಿಡಿದ ತೆಳುಗೂಡುಗಳು. ಬುಟ್ಟಿ ತುಂಬಿ ಕನಕಪುರಕ್ಕೆ ಒಯ್ದರು, ನಾನೂ ಜೊತೆಗೆ ಹೋದೆ. ಪ್ಯಾರಾಚೂಟಿನ ನೂಲಿಗೆ ಗೂಡು ಆರಿಸುವವನು ಒಂದು ಹಿಡಿ ಎತ್ತಿ ನೋಡಿ ಬುಟ್ಟಿಗೇ ಹಾಕಿದ.

“ಆಗಕಿಲ್ಲಮ್ಮ. ನೂಲು ತುಂಡು ತುಂಡು ಬತ್ತದೆ. ಆಕಾಸ್ದಿಂದ ಇಳಿಯೋ ಸಿಪಾಯಿ ಪ್ರಾಣ ಈ ದಾರದ್ಮೇಲೆ ಇರ್ತದೆ. ಯುದ್ಧದ್ ಕಾಲ, ಒಸಿ ಜವಾಬ್ದಾರಿ ಬ್ಯಾಡ್ವಾ?”

ಯುದ್ಧದ ಹೆಸರಿನಲ್ಲಿ ಕೆಡಿಸಿದ್ದನ್ನು ಯುದ್ಧದ ಹೆಸರಿನಲ್ಲೇ ತಿರಸ್ಕರಿಸಿದರು. ಆ ಕೇರಿಯ ಮೂರೂ ಮನೆಗಳ ಗತಿ ಇದೇ ಆಯಿತು. ಜವಾಬ್ದಾರಿಯ ಪಾಠವನ್ನು ಸುಟ್ಟ ಕೈಯ ಹೆಂಗಸು ತಲೆ ತಗ್ಗಿಸಿ ಕೇಳಬೇಕಾಯಿತು. ಹೆಬ್ಬೆರಳು ಮತ್ತು ತೋರುಬೆರಳು ಅವಳಿಗೆ ಈಗಲೂ ಪೂರ್ತಿ ಮಡಿಸಲು ಬರುವುದಿಲ್ಲ. ಹುಳು ನೂಲು ಕಟ್ಟಿದ್ದು ಅದೇ ಎರಡು ಬೆರಳುಗಳ ನಡುವೆ.

ನನ್ನನ್ನು ಆ ವಾರವೇ ಕೆಲಸದಿಂದ ತೆಗೆದರು. ‘ಅನುವಾದದಲ್ಲಿ ಸ್ವಂತ ಅಭಿಪ್ರಾಯ ಬೆರೆಸುತ್ತಾನೆ’ ಎಂದು ಸಮಿತಿ ದೂರು ಕೊಟ್ಟಿತ್ತು. ಕ್ಯಾಪ್ಟನ್ ನನ್ನ ಪರ ಮಾತಾಡಿದರೆಂದು ಕೇಳಿದೆ. ತುಕಡಿ ಡೇರೆ ಕಿತ್ತು ಹೊರಟಿತು. ಆದರೆ ಅಭ್ಯಾಸ ಯಶಸ್ವಿಯಾಗಿದೆ ಎಂಬ ಮಾತು ಅಲ್ಲಿಗೇ ನಿಲ್ಲಲಿಲ್ಲ. ಅದನ್ನು ನಂಬಿ ಮೇಲಿನವರು ಇಂಥವೇ ಚಾಪೆ ಇನ್ನಷ್ಟು ಬೇಕೆಂದರು. ಸಮಿತಿಯವರು ಮರಳವಾಡಿಯ ಕಡೆಗೂ ಚನ್ನಪಟ್ಟಣದ ಕಡೆಗೂ ಲಾರಿ ಓಡಿಸಿ, ಗೋಡೆಗೆ ಒರಗಿದ್ದ ಚಂದ್ರಿಕೆಗಳನ್ನೆಲ್ಲ ಬಾಚಿ ತಂದರು.

ಯುದ್ಧ ಮುಗಿದ ಮೇಲೆ ಹವಾಲ್ದಾರರು ಊರಿಗೆ ಮರಳಿದರು. ಅವರನ್ನು ಚನ್ನಪಟ್ಟಣದಲ್ಲಿ ಅವರ ಮನೆಯ ಜಗಲಿಯಲ್ಲಿ ಕಂಡೆ. ಎಡಗಾಲನ್ನು ಚಾಚಿಯೇ ಕೂರುತ್ತಾರೆ, ಮಡಿಸಲು ಆಗುವುದಿಲ್ಲ. ಕೇಳಬೇಕೋ ಬೇಡವೋ ಎಂದು ನಾನು ಹಿಂಜರಿಯುತ್ತಿದ್ದಾಗ ಅವರೇ ಹೇಳಿದರು.

“ನಿಜವಾದ್ ದ್ವೀಪಕ್ಕೂ ವೋದ್ವಿ ಸ್ವಾಮಿ. ಅದೇ ಕೆಸ್ರು, ಅದೇ ಬಿಳೀ ಪಟ್ಟಿ. ಹಡಗಿಂದ ಇಳ್ಸಿದ್ರಲ್ಲ ಚಾಪೆ, ನೋಡ್ತೀನಿ, ನಮ್ ಚಂದ್ರಿಕೆ. ಒಂದ್ರಲ್ಲಿ ಇನ್ನೂ ನೂಲು ಅಂಟ್ಕೊಂಡಿತ್ತು. ನಂಗೆ ನಗಾನೋ ಅಳಾನೋ ಗೊತ್ತಾಗ್ಲಿಲ್ಲ. ಕಡ್ಡಿ ಮುರ್ದಂಗ್ ಮುರ್ದೋದ್ವು. ಜೀಪ್ ಕುಂತ್ಕೊಂಡ್ತು. ಇಲ್ಲಿ ಎಳೆಯಕ್ಕೆ ಎತ್ಗೋಳಿದ್ವು, ಅಲ್ಲಿ ಯಾವ್ ಎತ್ತು? ಅತ್ಲಾಗಿಂದ ಹೊಡೀತಾವ್ರೆ, ನಾವ್ ಕೆಸ್ರಲ್ ನಿಂತು ಜೀಪ್ ನೂಕ್ತಾ ಇದೀವಿ.”

“ಕ್ಯಾಪ್ಟನ್?”

“ಯಂತ್ರಾನ ತಾವೇ ಹೆಗ್ಲ್ ಮೇಲೆ ಎತ್ಕಂಡ್ರು. ಇಲ್ಲಿ ಮಾಡ್ದಂಗೇ. ದಡ ಮುಟ್ಲಿಲ್ಲ.” ಅವರು ಚಾಚಿದ ಕಾಲನ್ನು ಕೈಯಿಂದ ಸರಿಸಿಕೊಂಡು, “ಅವತ್ತು ಕೆರೇಲೇ ಗೊತ್ತಾಗಿತ್ತು ಸ್ವಾಮಿ. ಎಲ್ರಿಗೂ ಗೊತ್ತಾಗಿತ್ತು,” ಎಂದರು.

ಈ ಕೊನೆಯ ಮಾತಿಗಾಗಿಯೇ ಈ ಬರಹ. ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆಯಿರಬಹುದು. ಇಲ್ಲಿ ತಿಳಿಯದೆ ನಡೆದದ್ದು ಒಂದೇ ಒಂದು: ಒಬ್ಬ ಹೆಂಗಸು ತನ್ನ ಪದ್ಧತಿಯಂತೆ ಚಂದ್ರಿಕೆಗೆ ಉರಿ ತೋರಿಸಿದ್ದು. ಅದರ ಶಿಕ್ಷೆಯನ್ನು ಅವಳು ಅಂದೇ ಅನುಭವಿಸಿದಳು. ತಿಳಿದೂ ಮಾಡಿದವರು ಹಾರ ಹಾಕಿಸಿಕೊಂಡರು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನಾನು ಬಹಿರಂಗವಾಗಿ ಕೋರುತ್ತೇನೆ. ತಮ್ಮ ಮನೆಯ ಚಂದ್ರಿಕೆಗಳಲ್ಲಿ ಒಂದನ್ನಾದರೂ ಆ ಲಾರಿಗೆ ಹಾಕಿದ್ದರೇ ಎಂಬುದಕ್ಕೂ, ಸೋರುವ ಡಬ್ಬಗಳನ್ನು ಯಾಕೆ ಏರಿಸಿದರು ಎಂಬುದಕ್ಕೂ ಸಮಿತಿಯ ಅಧ್ಯಕ್ಷರು ಉತ್ತರ ಕೊಡಬೇಕು. ಜೀಪು ಹೂತದ್ದನ್ನು ಕಂಡ ಮೇಲೂ ಕೊಟ್ಟ ಯಶಸ್ಸಿನ ಹೇಳಿಕೆಯನ್ನು ಅದನ್ನು ಕೊಟ್ಟವರು ಹಿಂತೆಗೆದುಕೊಂಡು, ಆ ದಡದಲ್ಲಿ ಸತ್ತವರ ಮನೆಗಳಿಗೆ ನಿಜವನ್ನು ತಿಳಿಸಬೇಕು. ಹಡಗು ಹತ್ತದೆ ಉಳಿದ ಚಂದ್ರಿಕೆಗಳು ಕನಕಪುರದಲ್ಲಿ ಸಮಿತಿಯ ಗೋದಾಮಿನ ಹಿಂದೆ ಗೆದ್ದಲು ಹಿಡಿಯುತ್ತ ಬಿದ್ದಿರುವುದನ್ನು ಕಳೆದ ವಾರ ನಾನೇ ನೋಡಿ ಬಂದಿದ್ದೇನೆ. ಅವುಗಳಲ್ಲಿ ನೆಟ್ಟಗಿರುವುದನ್ನು ಮರಳವಾಡಿಗೂ ಚನ್ನಪಟ್ಟಣದ ಹಳ್ಳಿಗಳಿಗೂ ಹಿಂದಿರುಗಿಸಬೇಕು, ಹಾಳಾದವಕ್ಕೆ ಬದಲಾಗಿ ಮೇದರಿಂದ ಹೊಸದನ್ನು ಹೆಣೆಸಿ ಕೊಡಬೇಕು.

ಉತ್ತರವನ್ನು ಪತ್ರಿಕೆಗೆ ಬರೆದು ಕಳಿಸುವ ತೊಂದರೆ ಬೇಡ. ಕೆರೆಯ ಹಿಂದಿನ ಆ ಹಳ್ಳಿಗೆ ಬಂದು, ಆ ಹುಳುಮನೆಯ ಅಂಗಳದಲ್ಲಿ ನಿಂತು, ಎರಡು ಬೆರಳು ಮಡಿಸಲಾಗದ ಆ ಹೆಂಗಸಿನ ಮುಖ ನೋಡಿ ಹೇಳಲಿ. ಅವಳು ಕೇಳುವುದೂ ಕನ್ನಡ, ಅಧ್ಯಕ್ಷರು ಆಡುವುದೂ ಕನ್ನಡ. ಈ ಸಲ ನಡುವೆ ದುಭಾಷಿ ಬೇಕಾಗುವುದಿಲ್ಲ.